ನಾಲ್ಕನೇ ನಂಬರ್ ಗಾಡಿಯ ಸೀಲು

ನಮ್ಮ ಭಾವ ಬೆಳಿಗ್ಗೆ ಎದ್ದರೆ ಮುಖ ತೊಳೆಯುವುದಕ್ಕೂ ಮೊದಲು ಕಾರಿನ ಬಾನೆಟ್ ಎತ್ತುತ್ತಿದ್ದರು. ಆಯಿಲ್ ಕಡ್ಡಿಯನ್ನು ಎಳೆದು, ಹಳೇ ಬನಿಯನ್ ಚೂರಿನಲ್ಲಿ ಒರೆಸಿ, ಮತ್ತೆ ಒಳಗೆ ಬಿಟ್ಟು, ಮತ್ತೆ ಎಳೆದು ಬೆಳಕಿಗೆ ಹಿಡಿಯುತ್ತಿದ್ದರು. ಕಡ್ಡಿಯ ತುದಿಯಲ್ಲಿ ಎರಡು ಗೆರೆಗಳಿರುತ್ತವೆ. ಆಯಿಲ್ ಮೇಲಿನ ಗೆರೆಯಲ್ಲಿದ್ದರೆ ಎಂಜಿನ್ ಕ್ಷೇಮ. ಕೆಳಗಿನ ಗೆರೆ ಮುಟ್ಟಿದರೆ ಹಾಕಬೇಕು. ಸೋಮವಾರ ಮೇಲಿನ ಗೆರೆಯಲ್ಲಿದ್ದ ಆಯಿಲ್ ಬುಧವಾರ ಕೆಳಗಿನ ಗೆರೆಯಲ್ಲಿರುತ್ತಿತ್ತು. ನಡುವೆ ಅದು ಎಲ್ಲಿಗೆ ಹೋಯಿತು ಎನ್ನುವುದು ಊರಿಗೇ ಗೊತ್ತಿತ್ತು. ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಹೋಗುತ್ತಿತ್ತು.

ಅದು ನಾಲ್ಕನೇ ನಂಬರ್ ಗಾಡಿ. ನಮ್ಮ ಯಜಮಾನರ ಶೆಡ್ಡಿನಲ್ಲಿ ಏಳು ಕಾರುಗಳಿದ್ದವು, ಏಳು ಜನ ಡ್ರೈವರುಗಳಿದ್ದೆವು. ಆರು ಗಾಡಿಗಳು ಕಚೇರಿಯವರನ್ನು, ಕಂಪನಿಯವರನ್ನು ಸಾಗಿಸುತ್ತಿದ್ದವು. ನಾಲ್ಕನೆಯದಕ್ಕೆ ಮಾತ್ರ ರೋಗಿಗಳ ಕೆಲಸ. ಮಂಗಳವಾರ, ಗುರುವಾರ, ಶನಿವಾರ ಹಳ್ಳಿಗಳಿಂದ ಮೂವರು ಮೂತ್ರಪಿಂಡದ ರೋಗಿಗಳನ್ನು ಹತ್ತಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ಮಿಷನ್ನಿಗೆ ಹಾಕಿ ಅವರ ರಕ್ತ ತೊಳೆಯುತ್ತಾರೆ. ತೊಳೆಸಿಕೊಂಡವರನ್ನು ಸಂಜೆ ವಾಪಸು ತಂದು ಅವರವರ ಬಾಗಿಲಿಗೆ ಇಳಿಸಬೇಕು. ಕಚೇರಿಯವರಾದರೆ ಗಾಡಿ ಹೊಗೆ ಬಿಟ್ಟರೆ ದೂರು ಬರೆಯುತ್ತಾರೆ. ರೋಗಿಗಳು ಬರೆಯುವುದಿಲ್ಲ. ಹಾಗಾಗಿ ಅತಿ ಹಳೆಯ ಗಾಡಿ ಅವರ ಪಾಲಿಗೆ ಬಂದಿತ್ತು.

ನಾನು ಮೂರನೇ ನಂಬರ್ ಓಡಿಸುತ್ತಿದ್ದೆ. ಭಾವನನ್ನು ಈ ಕೆಲಸಕ್ಕೆ ಸೇರಿಸಿದವನೂ ನಾನೇ. ಅಕ್ಕ, ಭಾವ ಶೆಡ್ಡಿನ ಹಿಂದಿನ ರೂಮಿನಲ್ಲಿದ್ದರು. ಒಂದು ಗೋಡೆ ಶೆಡ್ಡಿನದು, ಮೂರು ಗೋಡೆ ಅವರದು. ರೂಮು ಯಜಮಾನರದೇ. ಕೆಲಸ ಇರುವತನಕ ರೂಮು, ಇದು ಮೊದಲ ದಿನದ ಮಾತು. ನಾಲ್ಕನೇ ನಂಬರ್ ಚಾಲೂ ಆದ ಸದ್ದು ಕೇಳಿದರೆ ಅಕ್ಕ ಇದ್ದ ಕೆಲಸ ಬಿಟ್ಟು ಹಿತ್ತಲಿಗೆ ಓಡಿ, ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಬರುತ್ತಿದ್ದಳು.

"ನಿಮ್ಮ ಗಾಡಿ ಹೊರಡೋದು ನಂಗೆ ಮಳೆ ಬಂದಂಗೆ" ಎನ್ನುತ್ತಿದ್ದಳು. "ಮಳೇನಾದ್ರೂ ವಾಸಿ. ಒಗೆದಿದ್ದು ಒದ್ದೆಯಾಗುತ್ತೆ ಅಷ್ಟೆ, ಕಪ್ಪಾಗಲ್ಲ."

ಮೇಸ್ತ್ರಿಯ ಗ್ಯಾರೇಜು ಶೆಡ್ಡಿಗೆ ಅಂಟಿಕೊಂಡೇ ಇತ್ತು. ಅವನಿಗೆ ಬರುತ್ತಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ನಮ್ಮ ಯಜಮಾನರದು. ಒಂದು ದಿನ ಭಾವ ಅವನನ್ನು ಕರೆದು ಎಂಜಿನ್ ಚಾಲೂ ಮಾಡಿ ತೋರಿಸಿದರು. ಮೇಸ್ತ್ರಿ ಆಯಿಲ್ ಮುಚ್ಚಳ ತೆಗೆಸಿದ. ಎಂಜಿನ್ನಿನೊಳಗಿಂದ ಮುದುಕ ಕೆಮ್ಮಿದಂತೆ ಬುಸ್ ಬುಸ್ ಎಂದು ಹಬೆ ಬಂತು. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಮೂಸಿದ.

"ರಿಂಗು ಹೋಗಿದೆ. ಬೋರೂ ಸವೆದಿದೆ. ಆ ಬೋರಿನ ಕೊಳವೇಲಿ ಪಿಸ್ಟನ್ ಮೇಲೆ ಕೆಳಗೆ ಆಡೋವಾಗ ಆಯಿಲ್ಲನ್ನ ಒರೆಸಿ ಕೆಳಕ್ಕೆ ತಳ್ಳಬೇಕಾದ್ದು ಆ ರಿಂಗು. ಅದಕ್ಕೆ ಶಕ್ತಿ ಇಲ್ಲ. ಆಯಿಲ್ಲು ಮೇಲೆ ಹತ್ತಿ ಉರಿದುಹೋಗ್ತಿದೆ."

"ಏನು ಮಾಡೋದು?"

"ಎಂಜಿನ್ ಇಳಿಸಿ ಬಿಚ್ಚಬೇಕು. ನಿಮ್ಮ ಕೈಲಿ ಏನಿದೆ ಅಣ್ಣಾ, ಯಜಮಾನ್ರಿಗೆ ಹೇಳಿದೀನಿ ನಾನು. ಎರಡು ತಿಂಗಳಾಯ್ತು."

"ಏನಂದ್ರು?"

"ನೋಡೋಣ ಅಂದ್ರು."

ಯಜಮಾನರು ನೋಡಲಿಲ್ಲ. ಆಯಿಲ್ ಡಬ್ಬಿಗಳು ಖಾಲಿಯಾಗುವುದನ್ನು ಮಾತ್ರ ನೋಡಿದರು. ಮೊದಲು ನನ್ನನ್ನು ಕರೆದರು.

"ನಿನ್ನ ಗಾಡಿ ಆಯಿಲ್ ಕುಡಿಯುತ್ತೇನೋ?"

"ಇಲ್ಲ ಸಾರ್."

"ಒಂದು ಹನೀನೂ?"

"ಇಲ್ಲ ಸಾರ್. ಮೂರನೇ ನಂಬರ್ ಚೆನ್ನಾಗಿದೆ."

ಕೇಳಿದ್ದಕ್ಕೆ ನಿಜ ಹೇಳಿದ್ದೆ. ಬೆನ್ನು ತಟ್ಟಿ ಕಳಿಸಿದರು. ಖುಷಿಯಿಂದಲೇ ಬಂದೆ. ಆಮೇಲೆ ಭಾವನನ್ನು ಕರೆದು ಹೇಳಿದರಂತೆ, "ನಿನ್ನ ಬಾಮೈದನೇ ಹೇಳಿದಾನೆ. ಅವನ ಗಾಡಿ ಕುಡಿಯಲ್ಲ. ಮಿಕ್ಕ ಐದೂ ಕುಡಿಯಲ್ಲ. ನಿಂದೊಂದೇ ಕುಡಿಯುತ್ತೆ ಅಂದ್ರೆ ಏನರ್ಥ?"

"ರಿಂಗು ಹೋಗಿದೆ ಸಾರ್. ಮೇಸ್ತ್ರಿ ಹೇಳಿದಾನೆ."

ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದ.

"ಬಿಚ್ಚಿ ನೋಡದೆ ಹಂಗೆಲ್ಲ ಹೇಳೋಕಾಗಲ್ಲ ಸಾರ್" ಎಂದ.

"ಕೇಳಿದ್ಯಾ?" ಎಂದರು ಯಜಮಾನರು.

ಕದ್ದ ಆಯಿಲ್ಲನ್ನು ಭಾವ ಏನು ಮಾಡುತ್ತಾರೆ ಎನ್ನುವುದಕ್ಕೂ ಯಜಮಾನರಲ್ಲಿ ಉತ್ತರವಿತ್ತು. ಹೊಲದವರ ನೀರೆತ್ತುವ ಮಿಷನ್ನಿಗೆ ಮಾರುತ್ತಾರೆ. ರೋಗಿಗಳನ್ನು ಹತ್ತಿಸಲು ಹಳ್ಳಿ ಹಳ್ಳಿ ತಿರುಗುವುದರಿಂದ ಗಿರಾಕಿಗಳಿಗೆ ಬರವಿಲ್ಲ. ಈ ಮಾತು ಎರಡು ದಿನದಲ್ಲಿ ನಲ್ಲಿಯ ಹತ್ತಿರ ಅಕ್ಕನಿಗೆ ತಲುಪಿತು. ಅವಳು ಕೊಡ ಕುಕ್ಕಿ ಹೇಳಿದಳು, "ಮನೇಲಿ ತಲೆಗೆ ಹಚ್ಚೋ ಎಣ್ಣೆ ಮುಗಿದು ವಾರ ಆಯ್ತು. ಕದಿಯೋ ಗಂಡ ಆಗಿದ್ರೆ ಮೊದಲು ಅದನ್ನ ತರ್ತಿದ್ದ."

ಕಳವು ತಡೆಯುವ ಕೆಲಸ ಮ್ಯಾನೇಜರಿಗೆ ಬಂತು. ಅವರು ಕರೆಂಟ್ ಮೀಟರುಗಳಿಗೆ ಸೀಲು ಹಾಕುವ ಕೆಲಸದಿಂದ ನಿವೃತ್ತರಾದವರು. ಬರುವಾಗ ಸೀಲು ಒತ್ತುವ ಇಕ್ಕಳವನ್ನೂ ಒಂದು ಡಬ್ಬಿ ಸೀಸದ ಗುಂಡುಗಳನ್ನೂ ನೆನಪಿಗೆಂದು ಮನೆಗೆ ತಂದಿದ್ದರು. ಅದನ್ನು ಯಾರೂ ಕಳವು ಎಂದು ಕರೆದಿರಲಿಲ್ಲ. ನಮ್ಮ ಆಫೀಸಿಗೆ ಬಂದ ಮೇಲೆ ಅವರು ಸಕ್ಕರೆ ಡಬ್ಬಿಗೆ ಸೀಲು ಹಾಕಿದರು. ಔಷಧಿ ಪೆಟ್ಟಿಗೆಗೆ ಸೀಲು ಹಾಕಿದರು. ಕಸ ಗುಡಿಸುವಾಕೆ ಒಡೆದ ಗಾಜಿಗೆ ಕೈ ಕೊಯ್ದುಕೊಂಡಾಗ, ಔಷಧಿ ಪೆಟ್ಟಿಗೆ ತೆರೆಯಲು ಅರ್ಜಿ ಬರೆದುಕೊಡು ಎಂದರು. ಆಕೆ ಬರೆಯುವ ಕೈಯನ್ನೇ ಕೊಯ್ದುಕೊಂಡಿದ್ದಳು. ಸೆರಗು ಸುತ್ತಿಕೊಂಡು ಮನೆಗೆ ಹೋದಳು.

ಮ್ಯಾನೇಜರ್ ಒಂದು ಸೋಮವಾರ ಬೆಳಿಗ್ಗೆ ಇಕ್ಕಳ ಹಿಡಿದು ಶೆಡ್ಡಿಗೆ ಬಂದರು. ಮೇಸ್ತ್ರಿಯಿಂದ ಆಯಿಲ್ ಮುಚ್ಚಳಕ್ಕೊಂದು ತೂತು ಹಾಕಿಸಿದರು. ಆಯಿಲ್ಲನ್ನು ಮೇಲಿನ ಗೆರೆಯವರೆಗೆ ತುಂಬಿಸಿ, ಮುಚ್ಚಳ ಬಿಗಿದು, ತೂತಿನಲ್ಲಿ ತಂತಿ ಪೋಣಿಸಿ, ಸೀಸದ ಗುಂಡು ಸಿಕ್ಕಿಸಿ ಒತ್ತಿದರು. ಗಾಡಿಯ ಅಡಿಗೆ ಮೇಸ್ತ್ರಿಯನ್ನು ನುಗ್ಗಿಸಿ ಆಯಿಲ್ ಇಳಿಸುವ ಬೋಲ್ಟಿಗೂ ಸೀಲು. ಆಮೇಲೆ ಆಯಿಲ್ ಕಡ್ಡಿಯ ಹಿಡಿಗೆ ತಂತಿ ಸುತ್ತತೊಡಗಿದರು.

"ಸಾರ್, ಕಡ್ಡಿಗೆ ಯಾಕೆ?" ಎಂದರು ಭಾವ. "ಕಡ್ಡೀಲಿ ಎಷ್ಟು ಆಯಿಲ್ ಕದಿಯೋಕಾಗುತ್ತೆ?"

"ಕಡ್ಡಿ ತೆಗೆದು ಆ ತೂತಲ್ಲಿ ಸಣ್ಣ ಪೈಪು ಬಿಟ್ಟು ಹೀರಬಹುದು."

"ಅದು ನಂಗೆ ಗೊತ್ತೇ ಇರಲಿಲ್ಲ ಸಾರ್."

"ಈಗ ಗೊತ್ತಾಯ್ತಲ್ಲ. ಅದಕ್ಕೇ ಸೀಲು."

ನಾವೆಲ್ಲ ಸುತ್ತ ನಿಂತು ನೋಡಿದೆವು. ಯಾರೋ ಕಿಸಕ್ಕನೆ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ. ಭಾವ ಮಾತ್ರ ನಗಲಿಲ್ಲ. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಮಾಧಾನ ಕಾಣಿಸುತ್ತಿತ್ತು. ಆ ಸಂಜೆ ರೂಮಿನಲ್ಲಿ ಟೀ ಕುಡಿಯುತ್ತ ನನಗೆ ಹೇಳಿದರು, "ಒಳ್ಳೇದೇ ಆಯ್ತು ಕಣೋ. ಇನ್ನು ನನ್ನ ಬಾಯಿ ಮಾತು ಬೇಕಿಲ್ಲ. ಸೀಲು ಹಾಕಿದ ಹಾಗೇ ಇರುತ್ತೆ, ಆಯಿಲ್ ಇಳಿದಿರುತ್ತೆ. ಮುಂದಿನ ಸೋಮವಾರ ಅವರ ಕೈಯಿಂದಲೇ ತೆಗೆದು ಅವರ ಕಣ್ಣಿಂದಲೇ ನೋಡ್ತಾರೆ. ಸೀಸಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಸೀಸದ ಮೇಲೆ ಅವರಿಗೆ ಅಷ್ಟು ನಂಬಿಕೆ. ಒಂದೇ ಒಂದು ತೊಡಕಿತ್ತು. ಸೀಲು ತೆಗೆಯುವುದು ಸೋಮವಾರಕ್ಕೊಮ್ಮೆ. ನಾಲ್ಕನೇ ನಂಬರಿನ ಹೊಟ್ಟೆಗೆ ಅಷ್ಟು ದಿನ ಉಪವಾಸ ಮಾಡಿ ಅಭ್ಯಾಸವಿರಲಿಲ್ಲ.

ಗುರುವಾರ ಸಂಜೆ ಭಾವ ಮ್ಯಾನೇಜರ್ ಬಳಿ ಹೋಗಿ ಕೇಳಿದರು. "ನಡುವೆ ಒಂದು ಸಲ ತೆಗೆದು ಒಂದು ಲೀಟರ್ ಹಾಕಿಸಿ ಸಾರ್. ಶನಿವಾರದ ಹೊತ್ತಿಗೆ ತಳ ಕಾಣುತ್ತೆ."

"ಸೋಮವಾರ ಅಂದ್ರೆ ಸೋಮವಾರ."

"ಆಯಿಲ್ ಇಲ್ದೆ ಎಂಜಿನ್ ಹಿಡ್ಕೊಂಡು ನಿಂತುಬಿಟ್ರೆ?"

"ಆಯಿಲ್ ಒಳಗೇ ಇದ್ರೆ ಎಂಜಿನ್ ಯಾಕಪ್ಪ ಹಿಡ್ಕೊಳ್ಳುತ್ತೆ? ಸೀಲು ಇದೆಯಲ್ಲ!"

ಭಾವ ಆ ವಾರ ಮೊಟ್ಟೆ ಹೊತ್ತವರ ಹಾಗೆ ಗಾಡಿ ಓಡಿಸಿದರು. ಏರಿನಲ್ಲಿ ಎಂಜಿನ್ ಏದುಸಿರು ಬಿಡದಂತೆ ನೋಡಿಕೊಂಡರು, ಇಳಿಜಾರಿನಲ್ಲಿ ಸುಮ್ಮನೆ ಉರುಳಬಿಟ್ಟರು. ಸೋಮವಾರ ಮ್ಯಾನೇಜರ್ ಬಂದು ಮೂರು ಸೀಲುಗಳನ್ನೂ ಕನ್ನಡಕ ಏರಿಸಿ ಪರೀಕ್ಷಿಸಿದರು. ಮೂರೂ ಭದ್ರ. ತಂತಿ ಕತ್ತರಿಸಿ ಕಡ್ಡಿ ಎಳೆದರು. ಕಡ್ಡಿ ಒಣಗಿತ್ತು. ತುದಿಯಲ್ಲಿ ಒಂದೇ ಒಂದು ಕಪ್ಪು ಹನಿ ನೇತಾಡುತ್ತಿತ್ತು.

"ನೋಡಿದ್ರಾ ಸಾರ್!" ಎಂದು ಭಾವ ಕೂಗಿಯೇಬಿಟ್ಟರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅವರ ಮದುವೆಯಲ್ಲೂ ಕೇಳಿರಲಿಲ್ಲ.

ಮ್ಯಾನೇಜರ್ ಕಡ್ಡಿಯನ್ನು ಹಿಡಿದುಕೊಂಡೇ ಯಜಮಾನರ ಕೋಣೆಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದರು. ಬಂದು ಹೇಳಿದರು, "ಯಜಮಾನ್ರು ಹೇಳಿದ್ರು, ಇಷ್ಟು ದಿನ ಇವನು ಬರೀ ಕಳ್ಳ ಅಂತ ತಿಳ್ಕೊಂಡಿದ್ದೆ. ಸೀಲು ಒಡೆಯದೆ ಕದಿಯೋದನ್ನೂ ಕಲಿತಿದಾನೆ."

ಮ್ಯಾನೇಜರ್ ಆಯಿಲ್ ತುಂಬಿಸಿ ಮತ್ತೆ ಮೂರು ಸೀಲು ಒತ್ತಿದರು. ಈ ಸಲ ತಂತಿಯನ್ನು ಎರಡೆರಡು ಸುತ್ತು ಸುತ್ತಿದರು. ಮುಂದಿನ ಸೋಮವಾರ ತೀರ್ಮಾನ ಎಂದರು. ಸೀಲು ಒಡೆದಿದ್ದರೂ ಕೆಲಸ ಹೋಯಿತು, ಎಂಜಿನ್ ಹಿಡಿದುಕೊಂಡರೂ ಕೆಲಸ ಹೋಯಿತು. ಬರೀ ಕೆಲಸವಾಗಿದ್ದರೆ ಭಾವ ಬೇರೆ ಹುಡುಕುತ್ತಿದ್ದರು. ಈ ಭಾಗದ ಕಾರು ಮಾಲೀಕರೆಲ್ಲ ಒಬ್ಬರಿಗೊಬ್ಬರು ಫೋನಿನಲ್ಲಿ ಸಿಗುವವರು. ಕಳ್ಳನೆಂದು ತೆಗೆದ ಡ್ರೈವರಿಗೆ ಯಾವ ಶೆಡ್ಡಿನಲ್ಲೂ ಕೀ ಕೊಡುವುದಿಲ್ಲ.

ಆ ಬುಧವಾರ ಯಜಮಾನರ ನೆಂಟರನ್ನು ರೈಲಿಗೆ ಬಿಟ್ಟು ಬರುವ ಕೆಲಸವೂ ನಾಲ್ಕನೇ ನಂಬರಿಗೇ ಬಂತು. ಶನಿವಾರ ಬೆಳಿಗ್ಗೆ ಮೂವರು ರೋಗಿಗಳನ್ನು ಹತ್ತಿಸಿಕೊಂಡು ಅರ್ಧ ದಾರಿ ಹೋಗುವಷ್ಟರಲ್ಲಿ ಸ್ಟೇರಿಂಗಿನ ಮುಂದೆ ಆಯಿಲ್ ತೀರಿತೆನ್ನುವ ಕೆಂಪು ದೀಪ ಹತ್ತಿಕೊಂಡಿತು. ಇಲ್ಲಿಂದ ಮುಂದಿನದನ್ನು ನನಗೆ ಹೇಳಿದ್ದು ಭಾವ ಅಲ್ಲ, ಹಿಂದಿನ ಸೀಟಿನಲ್ಲಿದ್ದ ಟೈಲರ್. ರೋಗಿಗಳಲ್ಲಿ ಮಾತು ಉಳಿದಿದ್ದವನು ಅವನೊಬ್ಬನೇ. ಉಳಿದಿಬ್ಬರು ಕಾಲು ಊದಿಕೊಂಡು, ಉಸಿರು ಎಳೆಯುತ್ತ, ಕಿಟಕಿಗೆ ತಲೆ ಆನಿಸಿ ಕೂತಿರುತ್ತಿದ್ದರು.

ಭಾವ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ಎಂಜಿನ್ ಆರಿಸಿದರು. ಮ್ಯಾನೇಜರಿಗೆ ಫೋನ್ ಮಾಡಿದರು. ಫೋನಿನ ಆ ಕಡೆಯ ದನಿಯೂ ಹಿಂದಿನ ಸೀಟಿಗೆ ಕೇಳಿಸುತ್ತಿತ್ತು.

"ಕೆಂಪು ದೀಪ ಬಂದಿದೆ ಸಾರ್. ಇಲ್ಲೇ ಎದುರಿಗೆ ಅಂಗಡಿ ಇದೆ. ಸೀಲು ತೆಗೆದು ಎರಡು ಲೀಟರ್ ಹಾಕ್ತೀನಿ."

"ಸೀಲು ಮುಟ್ಟಿದ್ರೆ ಕಳ್ಳ ಅಂತ ಒಪ್ಕೊಂಡ ಹಾಗೆ."

"ಹಂಗಾದ್ರೆ ಹಿಂಗೇ ಓಡಿಸ್ಲಾ?"

"ಎಂಜಿನ್ ಹಿಡ್ಕೊಂಡ್ರೆ ನಿನ್ನ ಜವಾಬ್ದಾರಿ."

"ಮತ್ತೆ ಇಲ್ಲೇ ನಿಲ್ಲಿಸಿಕೊಂಡಿರ್ಲಾ?"

"ರೋಗಿಗಳು ತಡವಾದ್ರೆ ಆಸ್ಪತ್ರೆಯವರು ನಮ್ಮನ್ನ ಕೇಳ್ತಾರೆ. ಹೊತ್ತಿಗೆ ಸರಿಯಾಗಿ ತಲುಪಿಸು."

"ಹೆಂಗೆ ಸಾರ್?"

"ನಿಯಮದ ಪ್ರಕಾರ" ಎಂದು ಫೋನ್ ಇಟ್ಟರು.

ಭಾವ ಬಾನೆಟ್ ಎತ್ತಿ ಸೀಲನ್ನು ನೋಡುತ್ತ ನಿಂತರು. ಟೈಲರ್ ಬಾಗಿಲು ತೆಗೆದು ನಿಧಾನವಾಗಿ ಇಳಿದು ಬಂದ. ಮಿಷನ್ನಿನ ಸರದಿ ಬರುವತನಕ ಗುಂಡಿ ಹಾಕಲೆಂದು ಅವನು ಯಾವಾಗಲೂ ಕೈಚೀಲದಲ್ಲಿ ಒಂದೆರಡು ಅಂಗಿ, ಸೂಜಿದಾರ, ಕತ್ತರಿ ಇಟ್ಟುಕೊಂಡೇ ಬರುವವನು.

"ಏನಣ್ಣ ಇದು? ಇಷ್ಟೇನಾ ತೊಂದರೆ?"

"ಮುಟ್ಟಬೇಡಿ. ಮುಟ್ಟಿದ್ರೆ ನಾನು ಕಳ್ಳ."

"ನೀವು ಮುಟ್ಟಿದ್ರೆ ತಾನೇ? ಆ ಕಡೆ ತಿರುಗಿ."

"ನಿಮಗ್ಯಾಕೆ ಇದರ ಉಸಾಬರಿ..."

"ನೋಡಿ, ನನ್ನ ರಕ್ತ ಎರಡು ದಿನದಿಂದ ಕೊಳಕಾಗಿ ಕೂತಿದೆ. ನಿಮ್ಮ ಮ್ಯಾನೇಜರ್ ಅದಕ್ಕೂ ಸೀಲು ಹಾಕ್ತಾನಾ ಕೇಳಿ" ಎಂದು ಟೈಲರ್ ಕತ್ತರಿ ತೆಗೆದು ಮುಚ್ಚಳದ ತಂತಿಯನ್ನೂ ಕಡ್ಡಿಯ ತಂತಿಯನ್ನೂ ಕತ್ತರಿಸಿದ. ಕತ್ತರಿಯ ಬಾಯಿ ಮೊಂಡಾಯಿತು. "ನಾಲ್ಕು ವರ್ಷದಿಂದ ಇದೇ ಕತ್ತರಿ. ಇರಲಿ ಬಿಡಿ" ಎಂದ.

ಭಾವ ತಮ್ಮ ಜೇಬಿನ ದುಡ್ಡು ಕೊಟ್ಟು ಎದುರಿನ ಅಂಗಡಿಯಿಂದ ಎರಡು ಲೀಟರ್ ಆಯಿಲ್ ತಂದು ಸುರಿದರು. ಮೂವರೂ ಹೊತ್ತಿಗೆ ಸರಿಯಾಗಿ ಮಿಷನ್ನಿನ ಪಕ್ಕದ ಹಾಸಿಗೆಗಳಲ್ಲಿ ಮಲಗಿದರು. ಕತ್ತರಿಸಿದ ಸೀಲುಗಳನ್ನು ಭಾವ ಎಸೆಯಲಿಲ್ಲ. ಕಾಗದದಲ್ಲಿ ಸುತ್ತಿ ಸಂಜೆ ತಾವೇ ತಂದು ಮ್ಯಾನೇಜರ್ ಮೇಜಿನ ಮೇಲಿಟ್ಟರು.

ಸೋಮವಾರ ಬೆಳಿಗ್ಗೆ ಯಜಮಾನರು ನಮ್ಮೆಲ್ಲರನ್ನೂ ಶೆಡ್ಡಿನ ಅಂಗಳದಲ್ಲಿ ನಿಲ್ಲಿಸಿದರು. ತಾವು ಕುರ್ಚಿಯಲ್ಲಿ ಕೂತರು. ಮ್ಯಾನೇಜರ್ ಪಕ್ಕದಲ್ಲಿ ಕಾಗದ, ಪೆನ್ನು ಹಿಡಿದು ನಿಂತಿದ್ದರು. ಮೇಸ್ತ್ರಿ ತನ್ನ ಗ್ಯಾರೇಜಿನ ಬಾಗಿಲಲ್ಲಿ, ಅಕ್ಕ ರೂಮಿನ ಬಾಗಿಲಲ್ಲಿ. ಯಜಮಾನರು ಬೈಯುತ್ತಾರೆಂದು ನಾವು ತಯಾರಾಗಿದ್ದೆವು. ಅವರ ದನಿ ಬೆಣ್ಣೆಯ ಹಾಗಿತ್ತು.

"ನೋಡಪ್ಪ, ನಾನೂ ಮಕ್ಕಳೊಂದಿಗ. ನಿನ್ನ ಹೊಟ್ಟೆ ಮೇಲೆ ಹೊಡೆಯೋ ಆಸೆ ನನಗಿಲ್ಲ. ಕೆಲಸ ಇರಲಿ. ರೂಮೂ ಇರಲಿ. ಒಂದು ಚೀಟಿಗೆ ಸಹಿ ಹಾಕು, ಸಾಕು."

ಚೀಟಿಯನ್ನು ಮ್ಯಾನೇಜರ್ ಓದಿದರು. ನಾಲ್ಕನೇ ನಂಬರ್ ಗಾಡಿಯ ಎಂಜಿನ್ ಸುಸ್ಥಿತಿಯಲ್ಲಿದೆ. ಅದು ಆಯಿಲ್ ಸುಡುವುದಿಲ್ಲ. ಇದುವರೆಗೆ ಕಡಿಮೆಯಾದ ಆಯಿಲ್ಲನ್ನು ನಾನೇ ತೆಗೆದು ಮಾರಿಕೊಂಡಿದ್ದೇನೆ. ನನ್ನ ತಪ್ಪನ್ನು ಯಜಮಾನರು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದಾರೆ.

ಕಳ್ಳನೆಂದು ಒಪ್ಪಿಕೊಂಡರೆ ಕೆಲಸ ಇರುತ್ತದೆ, ಒಪ್ಪದಿದ್ದರೆ ಹೋಗುತ್ತದೆ. ಇದು ಯಾವ ಸೀಮೆಯ ನ್ಯಾಯ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ, ಗೇಟಿನ ಹತ್ತಿರ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ನಿಂತದ್ದು ಕಂಡಿತು. ಗಂಡಸಿನ ಮೈಮೇಲೆ ಡ್ರೈವರಿನ ಖಾಕಿ ಅಂಗಿ. ಹೆಂಗಸಿನ ಕೈಯಲ್ಲಿ ಬಟ್ಟೆಯ ಚೀಲ. ಅದನ್ನು ಎರಡು ಕೈಯಲ್ಲೂ ಎದೆಗೊತ್ತಿ ಹಿಡಿದಿದ್ದಳು. ಅದರಲ್ಲಿರುವುದು ಕೂಡಿಟ್ಟ ದುಡ್ಡೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಬಂದ್ರಾ? ಬನ್ನಿ ಬನ್ನಿ" ಎಂದರು ಯಜಮಾನರು. "ನೀವು ತಗೊಳ್ಳೋ ನಾಲ್ಕನೇ ನಂಬರ್ ಅಲ್ಲೇ ಇದೆ ನೋಡ್ಕೊಳ್ಳಿ. ಆಯಿಲ್ ವಿಷಯ ಯಾರೋ ಏನೋ ಹೇಳಿದ್ರು ಅಂದ್ರಲ್ಲ, ಡ್ರೈವರೇ ಬರೆದುಕೊಡ್ತಿದಾನೆ. ಎರಡು ನಿಮಿಷ."

ಆಗ ನನ್ನ ತಲೆಗೆ ಬೆಳಕು ಬಿತ್ತು. ಎಂಜಿನ್ ಬಿಚ್ಚಿಸುವುದು ದುಬಾರಿ. ಹೊಗೆ ಬಿಡುವ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲ. ಭಾವ ಕಳ್ಳರಾಗಿಬಿಟ್ಟರೆ ಎಂಜಿನ್ ಖರ್ಚಿಲ್ಲದೆ ರಿಪೇರಿಯಾಗುತ್ತದೆ. ಮೂರು ತಿಂಗಳಿಂದ ನಡೆದದ್ದು ಆ ರಿಪೇರಿ.

ಮ್ಯಾನೇಜರ್ ಪೆನ್ನು ಚಾಚಿದರು. ಭಾವ ಪೆನ್ನನ್ನು ನೋಡಲಿಲ್ಲ, ರೂಮಿನ ಬಾಗಿಲ ಕಡೆ ನೋಡಿದರು.

ಅಕ್ಕ ಅಲ್ಲಿಂದಲೇ ಹೇಳಿದಳು, "ನನ್ನ ಮುಖ ಏನು ನೋಡ್ತೀರಿ? ದಿನಾ ಬೆಳಗಾದ್ರೆ ನಲ್ಲಿ ಹತ್ರ ಹೋಗೋಳು ನಾನು. ಕಳ್ಳನ ಹೆಂಡತಿ ಅನ್ನಿಸಿಕೊಂಡು ಕೊಡ ಹಿಡಿದು ನಿಲ್ಲೋಕೆ ನನ್ನ ಕೈಲಾಗಲ್ಲ. ರೂಮು ಬಿಡೋಣ ಅಂದ್ರೆ ಹೇಳಿ, ಪಾತ್ರೆ ಕಟ್ಟೋಕೆ ಎಷ್ಟು ಹೊತ್ತು?"

ಭಾವ ಯಜಮಾನರ ಕಡೆ ತಿರುಗಿದರು. "ನಾನು ಕದ್ದಿಲ್ಲ ಸಾರ್. ಸಹಿ ಹಾಕಲ್ಲ."

ಯಜಮಾನರ ದನಿಯಲ್ಲಿದ್ದ ಬೆಣ್ಣೆ ಕರಗಿತು. "ಹಂಗಾದ್ರೆ ಸಂಜೆಯೊಳಗೆ ರೂಮು ಖಾಲಿ ಮಾಡು" ಎಂದರು. ಕೊಳ್ಳಲು ಬಂದವನ ಕಡೆ ನೋಡಿ ನಕ್ಕರು. "ಕಳ್ಳನಿಗೂ ರೋಷ ನೋಡಿ. ಅವನ ಸಹಿ ಯಾಕೆ ಬೇಕು? ಅವನ ಸ್ವಂತ ಬಾಮೈದ ಇಲ್ಲೇ ಇದಾನೆ. ಅವನನ್ನೇ ಕೇಳಿ. ನನ್ನ ಹತ್ರ ಹತ್ತು ವರ್ಷದಿಂದ ಇದಾನೆ, ಸುಳ್ಳು ಹೇಳಲ್ಲ."

ಕೊಳ್ಳಲು ಬಂದವನು ನನ್ನ ಹತ್ತಿರ ಬಂದ. ನನಗಿಂತ ಚಿಕ್ಕವನು. ಅಂಗೈಯಲ್ಲಿ ಸ್ಟೇರಿಂಗ್ ಹಿಡಿದ ಜಡ್ಡು. ಬೇರೆಯವರ ಗಾಡಿ ಓಡಿಸಿ ಸಾಕಾಗಿ ಸ್ವಂತದ್ದೊಂದು ಇರಲಿ ಎಂದು ಹೊರಟವನು.

"ಅಣ್ಣ, ನೀವೂ ಡ್ರೈವರು, ನಾನೂ ಡ್ರೈವರು. ಇದು ಆಯಿಲ್ ಕುಡಿಯುತ್ತಾ?"

ಯಜಮಾನರು ನನ್ನನ್ನೇ ನೋಡುತ್ತಿದ್ದರು. ಬೆನ್ನು ತಟ್ಟಿಸಿಕೊಂಡು ಖುಷಿಯಾಗಿ ಬಂದವನು ನಾನು. ಸೀಲು ಹಾಕುವಾಗ ನಕ್ಕವನೂ ಇರಬಹುದು. ಆ ಹೆಂಗಸು ಚೀಲವನ್ನು ಇನ್ನೂ ಎದೆಗೊತ್ತಿಕೊಂಡೇ ಇದ್ದಳು.

"ಕುಡಿಯುತ್ತೆ" ಎಂದೆ.

"ಏನಂದೆ?" ಎಂದರು ಯಜಮಾನರು.

"ಕುಡಿಯುತ್ತೆ ಸಾರ್. ಮುನ್ನೂರು ಕಿಲೋಮೀಟರಿಗೆ ಒಂದು ಲೀಟರ್."

ಕೊಳ್ಳಲು ಬಂದವನು ಒಂದನೇ ನಂಬರ್ ಓಡಿಸುವ ಹಿರಿಯರನ್ನು ನೋಡಿದ. ಅವರು ಈ ಶೆಡ್ಡಿನಲ್ಲಿ ತಲೆ ನರೆಸಿಕೊಂಡವರು, ಯಜಮಾನರೆದುರು ಕೆಮ್ಮು ಬಂದರೂ ಆಚೆ ಹೋಗಿ ಕೆಮ್ಮುವವರು. "ಕುಡಿಯುತ್ತಪ್ಪ" ಎಂದರು. "ತಗೋಬೇಡ." ಅವರಾದ ಮೇಲೆ ಎರಡನೇ ನಂಬರಿನವನು. ಐದರವನು. ಆರು, ಏಳು. ಯಾರೂ ದನಿ ಎತ್ತಲಿಲ್ಲ. ಶಾಲೆಯಲ್ಲಿ ಹಾಜರಿ ಹೇಳಿದಂತೆ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಏಳನೆಯವನ ಮಾತು ಮುಗಿದ ಮೇಲೆ ಗ್ಯಾರೇಜಿನ ಬಾಗಿಲಿನಿಂದ ಇನ್ನೊಂದು ದನಿ ಬಂತು.

"ರಿಂಗು ಹೋಗಿದೆ. ಬೋರೂ ಸವೆದಿದೆ. ಮೂರು ತಿಂಗಳ ಹಿಂದೇನೇ ಹೇಳಿದ್ದೆ." ಮೇಸ್ತ್ರಿ ಇಷ್ಟು ಹೇಳಿ ಒಳಗೆ ಹೋಗಿಬಿಟ್ಟ. ಸ್ಪ್ಯಾನರ್ ಬಿದ್ದ ಸದ್ದು ಕೇಳಿಸಿತು.

ಕೊಳ್ಳಲು ಬಂದವನು ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಗೇಟು ದಾಟುವಾಗ ಆಕೆ ಒಮ್ಮೆ ತಿರುಗಿ ಅಕ್ಕನ ಕಡೆ ನೋಡಿದಳು.

"ಏಳೂ ಜನ ಹೊರಗೆ!" ಎಂದರು ಯಜಮಾನರು. "ಈಗಿಂದೀಗಲೇ!"

"ಆಗಲಿ ಸಾರ್" ಎಂದರು ಒಂದನೇ ನಂಬರಿನ ಹಿರಿಯರು. "ಒಂಬತ್ತಕ್ಕೆ ಕಂಪನಿಯವರನ್ನ ಹತ್ತಿಸಬೇಕು. ಕೀ ಯಾರ ಕೈಗೆ ಕೊಡ್ಲಿ?"

ಯಜಮಾನರು ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರಿಗೆ ಸೈಕಲ್ಲೂ ಬರುತ್ತಿರಲಿಲ್ಲ.

ಗೋಡೆ ಗಡಿಯಾರದಲ್ಲಿ ಎಂಟೂವರೆ ಆಗಿತ್ತು. ಯಾರೂ ಅಲುಗಾಡಲಿಲ್ಲ. ಆಫೀಸಿನೊಳಗೆ ಫೋನ್ ಬಡಿದುಕೊಳ್ಳತೊಡಗಿತು. ನಿಂತಿತು. ಮತ್ತೆ ಬಡಿದುಕೊಂಡಿತು.

"ನಿಮಗೇನು ಬೇಕ್ರೋ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏನು ಬೇಕೆಂದು ನಾವು ಮಾತಾಡಿಕೊಂಡೇ ಇರಲಿಲ್ಲ. ಭಾವ ಹೇಳಿದರು.

"ನಾಳೆ ಮಂಗಳವಾರ. ರೋಗಿಗಳನ್ನ ಮೂರನೇ ನಂಬರಲ್ಲಿ ಕರ್ಕೊಂಡು ಹೋಗ್ತೀನಿ. ಅದು ನಿಲ್ಲೋದು ಬೇಡ, ಅವರೇನು ತಪ್ಪು ಮಾಡಿದಾರೆ? ಮಿಕ್ಕ ಗಾಡಿ ಹೊರಡಬೇಕಾದ್ರೆ ನಂಗೊಂದು ಚೀಟಿ ಬೇಕು. ನಿಮ್ಮ ಸಹಿ ಹಾಕಿ ಕೊಡಿ."

"ಏನಂತ?"

"ಇದ್ದದ್ದು ಇದ್ದ ಹಾಗೆ."

ಫೋನ್ ಮೂರನೇ ಸಲ ಬಡಿದುಕೊಂಡಿತು. ಯಜಮಾನರು ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿದರು. ಮ್ಯಾನೇಜರ್ ಮೊದಲಿನ ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಹೊಸ ಹಾಳೆಯಲ್ಲಿ ನಾಲ್ಕು ಸಾಲು ಬರೆದರು. ಯಜಮಾನರು ನೋಡದೆಯೇ ಸಹಿ ಎಳೆದು ಭಾವನ ಕಡೆ ಚಾಚಿದರು.

ಭಾವ ಅಕ್ಷರ ಕೂಡಿಸಿಕೊಂಡು ಓದುವವರು. ನಿಂತಲ್ಲೇ ಎರಡು ಸಲ ಓದಿದರು.

"ಇದರಲ್ಲಿ ಎಂಜಿನ್ ಕೆಟ್ಟಿದೆ ಅಂತ ಬರೆದಿದೀರಿ. ನನ್ನ ಮಾತೇ ಇಲ್ಲ."

"ಎಂಜಿನ್ ಕೆಟ್ಟಿದೆ ಅಂದ್ಮೇಲೆ ನೀನು ಕದ್ದಿಲ್ಲ ಅಂತ ತಾನೇ ಅರ್ಥ? ಅರ್ಥ ಮಾಡ್ಕೊಳ್ಳಪ್ಪ" ಎಂದರು ಮ್ಯಾನೇಜರ್.

"ಕದ್ದಿದೀನಿ ಅನ್ನೋವಾಗ ನೀವು ಅರ್ಥ ಮಾಡ್ಕೊಳ್ಳಲಿ ಅಂತ ಬಿಡಲಿಲ್ಲ ಸಾರ್. ಬಾಯಿಬಿಟ್ಟು ಹೇಳಿದ್ರಿ. ಊರೆಲ್ಲ ಕೇಳೋ ಹಾಗೆ ಹೇಳಿದ್ರಿ. ಇದನ್ನೂ ಹಂಗೇ ಬರೀರಿ."

ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಯಜಮಾನರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಭಾವ ಹಾಳೆಯನ್ನು ಮ್ಯಾನೇಜರಿಗೆ ವಾಪಸು ಚಾಚಿ ಹಿಡಿದುಕೊಂಡೇ ಇದ್ದರು.

ಮ್ಯಾನೇಜರ್ ಇನ್ನೊಂದು ಹಾಳೆ ತೆಗೆದುಕೊಂಡರು.